ಟ್ಯಾಕ್ಸಿ ಹತ್ತಿದ್ರೆ ಮಾತ್ರ ಮರ್ಯಾದೆಯಾ?

ಲಂಡನ್ ಕಾಗದ – 11
(ಉದ್ದ ಇದೆ. ನಾಲ್ಕು ಭಾಗ ಮಾಡಿ ಹಾಕ್ತಿದ್ದೀನಿ. ಕಾಫಿ ಮಾಡ್ಕೊಂಡು ಕೂತು ಓದಿ. ಜಗಳ ಆಡೋದಿದ್ರೆ ನಾಲ್ಕೂ ಓದಿದ ಮೇಲೆ ಕಾಮೆಂಟಲ್ಲಿ ಆಡಿ.)

ಭಾಗ 1: ಮೊದಲು ದುಡ್ಡಿನ ಲೆಕ್ಕ

ದಸರಾ ರಜೆಗೆ ಊರಿಂದ ಮೂರು ಮನೆಯವರು ಲಂಡನ್ನಿಗೆ ಹೊರಟಿದ್ದಾರೆ. ತುಂಬಾ ಖುಷಿ. ಆದರೆ ಮೂರೂ ಮನೆಯಿಂದ ಬಂದ ಮೊದಲ ಪ್ರಶ್ನೆ ಒಂದೇ: "ಅಲ್ಲಿ ಓಡಾಡೋಕೆ ದಿನಕ್ಕೆ ಕಾರಿಗೆ ಎಷ್ಟಾಗುತ್ತೆ?" ಬಸ್ಸು ಹೇಗೆ, ರೈಲು ಹೇಗೆ ಅಂತ ಒಬ್ಬರೂ ಕೇಳಲಿಲ್ಲ. ಒಬ್ಬ ಭಾವ ಅಂತೂ ಮೊದಲೇ ಹೇಳಿಬಿಟ್ಟರು, "ಅಷ್ಟು ದೂರ ಬಂದು ಬಸ್ಸಲ್ಲಿ ನೇತಾಡೋದು ಬೇಡ ಮಾರಾಯ್ತಿ, ದಿನಕ್ಕೊಂದು ಟ್ಯಾಕ್ಸಿ ಮಾಡಿಸಿಬಿಡು."

ಭಾವ, ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ ಈ ಮಾತನ್ನ ಎಷ್ಟೋ ವರ್ಷದಿಂದ ಕೇಳ್ತಿದ್ದೀನಿ. ಒಬ್ಬೊಬ್ಬರಿಗೇ ಫೋನಲ್ಲಿ ಸಮಾಧಾನ ಹೇಳಿ ಸಾಕಾಯ್ತು. ಅದಕ್ಕೆ ಇವತ್ತು ಎಲ್ಲರಿಗೂ ಸೇರಿಸಿ ನೇರವಾಗಿ ಹೇಳ್ತೀನಿ: ಲಂಡನ್ನಿಗೆ ಬಂದವರು ಬಸ್ಸು, ರೈಲಲ್ಲೇ ಓಡಾಡಬೇಕು. ಟ್ಯಾಕ್ಸಿಗೂ ಒಂದು ಜಾಗ ಇದೆ, ಕೊನೇ ಭಾಗದಲ್ಲಿ ಹೇಳ್ತೀನಿ. ಆದರೆ ವಿಮಾನ ಇಳಿದ ಕೂಡಲೇ ಟ್ಯಾಕ್ಸಿ, ಬೆಳಗ್ಗೆ ಎದ್ದರೆ ಟ್ಯಾಕ್ಸಿ, ರಾತ್ರಿ ಊಟಕ್ಕೂ ಟ್ಯಾಕ್ಸಿ ಅನ್ನೋದು ದುಡ್ಡಿಗೂ ದಂಡ, ಹೊತ್ತಿಗೂ ದಂಡ. ಎಲ್ಲಕ್ಕಿಂತ ಹೆಚ್ಚಾಗಿ ಅದರ ಹಿಂದೆ ಇರೋ ಯೋಚನೆಯೇ ಸರಿಯಲ್ಲ.

ಲೆಕ್ಕ ನೋಡಿ. ಇದೆಲ್ಲ 2025ರ ದರ. ಹೀಥ್ರೂ ವಿಮಾನ ನಿಲ್ದಾಣದಿಂದ ಊರ ಮಧ್ಯಕ್ಕೆ ಟ್ಯೂಬ್ ರೈಲಲ್ಲಿ, ಅಂದರೆ ನೀಲಿ ಬಣ್ಣದ ಪಿಕಡಿಲಿ ಲೈನಲ್ಲಿ ಬಂದರೆ ಒಬ್ಬರಿಗೆ 5.80 ಪೌಂಡ್. ಸುಮಾರು ಒಂದು ಗಂಟೆ ದಾರಿ. ಬೇಗ ಹೋಗಬೇಕು ಅಂದರೆ ಎಲಿಜಬೆತ್ ಲೈನ್ ಇದೆ, 13.90 ಪೌಂಡ್, ಪ್ಯಾಡಿಂಗ್ಟನ್‌ಗೆ ಅರ್ಧ ಗಂಟೆ ಆಸುಪಾಸು. ಅದೇ ದಾರಿಗೆ ಕಪ್ಪು ಟ್ಯಾಕ್ಸಿ ಹತ್ತಿದರೆ ಮೀಟರು ಸಾಮಾನ್ಯವಾಗಿ 70 ಪೌಂಡ್ ದಾಟುತ್ತೆ, ಟ್ರಾಫಿಕ್ ಸಿಕ್ಕಿದರೆ ಇನ್ನೂ ಮೇಲೆ. ಒಂದು ಪೌಂಡಿಗೆ ನೂರು ರೂಪಾಯಿಗಿಂತ ಜಾಸ್ತಿ ಅನ್ನೋದು ನೆನಪಿರಲಿ.

ಗಂಡ, ಹೆಂಡತಿ, ಹತ್ತು ವರ್ಷದೊಳಗಿನ ಎರಡು ಮಕ್ಕಳು ಬಂದರೆ? ದೊಡ್ಡವರ ಜೊತೆ ಬರೋ 11 ವರ್ಷದೊಳಗಿನ ಮಕ್ಕಳಿಗೆ ಟ್ಯೂಬಲ್ಲಿ ಟಿಕೆಟ್ಟೇ ಇಲ್ಲ, ಬಸ್ಸಲ್ಲೂ ಇಲ್ಲ. ಅಂದರೆ ಇಡೀ ಸಂಸಾರ 11.60 ಪೌಂಡಲ್ಲಿ ಊರೊಳಗೆ ಬಂದು ಇಳಿಯುತ್ತೆ. ಟ್ಯಾಕ್ಸಿಯವನಿಗೆ ಕೊಡೋ ಮಿಕ್ಕ ದುಡ್ಡಲ್ಲಿ ಎರಡು ದಿನ ಹೊಟ್ಟೆ ತುಂಬ ಊಟ ಮಾಡಬಹುದು.

ಊರೊಳಗೆ ಇನ್ನೂ ಸುಲಭ. ಬಸ್ಸಿಗೆ ಎಲ್ಲಿಂದ ಎಲ್ಲಿಗೆ ಹೋದರೂ 1.75 ಪೌಂಡ್. ಒಂದು ಸ್ಟಾಪ್ ಹೋದರೂ ಅಷ್ಟೇ, ಮೂವತ್ತು ಸ್ಟಾಪ್ ಹೋದರೂ ಅಷ್ಟೇ. ಮೊದಲ ಬಸ್ಸು ಹತ್ತಿದ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಾಯಿಸಿ ಹತ್ತಿದರೂ ಮತ್ತೆ ಚಾರ್ಜಿಲ್ಲ. ದಿನವಿಡೀ ಬಸ್ಸಲ್ಲೇ ಸುತ್ತಿದರೆ 5.25 ಪೌಂಡ್ ಆದ ಮೇಲೆ ಅವತ್ತಿನ ಲೆಕ್ಕ ನಿಲ್ಲುತ್ತೆ. ಬಸ್ಸು, ಟ್ಯೂಬ್ ಎರಡೂ ಸೇರಿ ಊರ ಮಧ್ಯದ ಎರಡು ವಲಯದೊಳಗೆ ಓಡಾಡಿದರೆ ದಿನಕ್ಕೆ 8.90 ಪೌಂಡ್. ಅದಕ್ಕಿಂತ ಒಂದು ಪೈಸೆ ಜಾಸ್ತಿ ಕತ್ತರಿಸೋದಿಲ್ಲ. ಲೆಕ್ಕ ಇಡೋದು ಅವರ ಯಂತ್ರ, ನಾವಲ್ಲ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ನಾಲ್ಕು ಜನ ದೊಡ್ಡವರು ಸೇರಿ ಊರ ಮಧ್ಯೆ ಒಂದು ಮೈಲಿ ದೂರಕ್ಕೆ ಟ್ಯಾಕ್ಸಿ ಹತ್ತಿದರೆ, ನಾಲ್ಕು ಟ್ಯೂಬ್ ಟಿಕೆಟ್ಟಿನ ಲೆಕ್ಕಕ್ಕೆ ಹತ್ತಿರ ಬರಬಹುದು. ಒಪ್ಪಿದೆ. ಆದರೆ ಒಂದು ಮೈಲಿ ಅಂದರೆ ಎಷ್ಟು ಮಾರಾಯ್ರೆ? ನಮ್ಮೂರಲ್ಲಿ ಸಂತೆಗೆ ಹೋಗಿ ಬರೋ ದೂರ. ಅದಕ್ಕೆ ಟ್ಯಾಕ್ಸಿ ಯಾಕೆ, ಕಾಲಿಲ್ವಾ?

ಭಾಗ 2: ಹೊತ್ತು ಉಳಿಯುತ್ತೆ ಅಂತೀರಾ?

ದುಡ್ಡಿನ ಲೆಕ್ಕ ಹೇಳಿದ ಕೂಡಲೇ ಬರೋ ಉತ್ತರ ಗೊತ್ತು. "ದುಡ್ಡು ಹೋದರೆ ಹೋಗಲಿ, ಇರೋದೇ ಐದು ದಿನ, ಹೊತ್ತು ಉಳಿಯುತ್ತಲ್ಲ."

ಉಳಿಯೋದಿಲ್ಲ. ಲಂಡನ್ನಿನ ನಡುಮಧ್ಯದ ರಸ್ತೆಗಳು ಕಾರಿಗೋಸ್ಕರ ಮಾಡಿದ್ದಲ್ಲ. ಕುದುರೆ ಗಾಡಿ ಕಾಲದ ಓಣಿಗಳ ಮೇಲೆ ಇವತ್ತಿನ ಊರು ಕೂತಿದೆ. ಕುದುರೆ ಗಾಡಿಗಳ ಕಾಲದಲ್ಲೇ ರಸ್ತೆ ಕಟ್ಟಿಕೊಂಡು ಉಸಿರಾಡೋಕೆ ಆಗದೆ ನೆಲದೊಳಗೆ ರೈಲು ಬಿಟ್ಟರು. 1863ರಲ್ಲಿ, ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ವರೆಗೆ. ಜಗತ್ತಿನ ಮೊದಲ ಸುರಂಗ ರೈಲು ಅದು, ಅದೂ ಹಬೆ ಎಂಜಿನ್ನಿನದ್ದು. ನಮ್ಮ ಬೆಂಗಳೂರಿನ ಮೆಟ್ರೋ ಶುರುವಾಗಿದ್ದು 2011ರಲ್ಲಿ. ನೂರೈವತ್ತು ವರ್ಷದ ಹಿಂದೆಯೇ ಈ ಊರಿನವರಿಗೆ "ಮೇಲೆ ಹೋದರೆ ಕೆಲಸ ಕೆಡುತ್ತೆ, ಕೆಳಗೆ ಹೋಗಿ" ಅಂತ ಅರ್ಥ ಆಗಿತ್ತು. ನಾವು ಬಂದು ಮೇಲೇ ಹೋಗ್ತೀವಿ ಅಂತ ಹಠ ಮಾಡ್ತೀವಿ.

2003ರಿಂದ ಇನ್ನೊಂದು ವ್ಯವಸ್ಥೆ ಇದೆ. ಊರ ಮಧ್ಯಕ್ಕೆ ಕಾರು ತಂದರೆ ದಂಡದ ಹಾಗೆ ಒಂದು ಶುಲ್ಕ. ಶುರುವಲ್ಲಿ 5 ಪೌಂಡ್ ಇತ್ತು, 2025ರಲ್ಲಿ ದಿನಕ್ಕೆ 15 ಪೌಂಡ್ ಆಗಿತ್ತು. ಕಾರು ತರಬೇಡಿ ಅಂತ ಊರೇ ಕೈ ಮುಗಿದು ಹೇಳ್ತಿದೆ. "ನಮ್ಮ ಸ್ನೇಹಿತರ ಕಾರು ಸಿಗುತ್ತೆ, ಅದರಲ್ಲೇ ಸುತ್ತುತೀವಿ" ಅನ್ನೋರು ಇದನ್ನೂ, ಪಾರ್ಕಿಂಗ್ ಹುಡುಕೋ ಗೋಳನ್ನೂ ಲೆಕ್ಕಕ್ಕೆ ಹಿಡೀರಿ.

ಒಂದು ಉದಾಹರಣೆ ಸಾಕು. ಪಾರ್ಲಿಮೆಂಟ್ ನೋಡಿ, ಅಲ್ಲಿಂದ ಲಂಡನ್ ಬ್ರಿಜ್ ಕಡೆ ಹೋಗಬೇಕು ಅಂತಿಟ್ಟುಕೊಳ್ಳಿ. ವೆಸ್ಟ್‌ಮಿನ್‌ಸ್ಟರ್ ನಿಲ್ದಾಣದಲ್ಲಿ ಜುಬಿಲಿ ಲೈನ್ ಹತ್ತಿದರೆ ವಾಟರ್ಲೂ, ಸದರ್ಕ್, ಮೂರನೇದೇ ಲಂಡನ್ ಬ್ರಿಜ್. ನೀವು ಸೀಟಲ್ಲಿ ಸರಿಯಾಗಿ ಕೂರೋ ಹೊತ್ತಿಗೆ ಇಳಿಯೋ ಜಾಗ ಬಂದಿರುತ್ತೆ. ಅದೇ ದಾರೀಲಿ ಸಂಜೆ ಐದು ಗಂಟೆಗೆ ಟ್ಯಾಕ್ಸಿಯಲ್ಲಿ ಕೂತರೆ ಮೀಟರು ಓಡುತ್ತೆ, ಗಾಡಿ ಓಡೋದಿಲ್ಲ.

"ಸುರಂಗದೊಳಗೆ ಹೋದರೆ ಊರು ಕಾಣೋದಿಲ್ಲ" ಅಂತೀರಾ? ಸರಿ, ಬಸ್ಸು ಹತ್ತಿ. ಎರಡಂತಸ್ತಿನ ಕೆಂಪು ಬಸ್ಸು, ಮೇಲೆ ಮುಂದಿನ ಸೀಟು. ನಮ್ಮೂರಲ್ಲಿ ಡ್ರೈವರ್ ಪಕ್ಕದ ಸೀಟಿಗೆ ನಾವೆಲ್ಲ ಚಿಕ್ಕವರಿದ್ದಾಗ ಹೇಗೆ ಜಗಳ ಆಡ್ತಿದ್ವೋ ಹಾಗೆ ಇಲ್ಲಿ ಆ ಸೀಟಿಗೆ ದೊಡ್ಡವರೂ ಕಾಯ್ತಾರೆ. 15ನೇ ನಂಬರ್ ಬಸ್ಸು ಟವರ್ ಆಫ್ ಲಂಡನ್ ಪಕ್ಕದಿಂದ ಸೇಂಟ್ ಪಾಲ್ಸ್ ಚರ್ಚಿನ ಮುಂದೆ ಹಾದು ಟ್ರಫಾಲ್ಗರ್ ಚೌಕದ ಹತ್ತಿರ ತಂದು ಬಿಡುತ್ತೆ. 9ನೇ ನಂಬರ್ ಹತ್ತಿದರೆ ರಾಯಲ್ ಆಲ್ಬರ್ಟ್ ಹಾಲ್, ಹೈಡ್ ಪಾರ್ಕ್ ಮೂಲೆ, ಪಿಕಡಿಲಿ. 24 ಹತ್ತಿದರೆ ಕ್ಯಾಮ್ಡೆನ್‌ನಿಂದ ಹಿಡಿದು ಪಾರ್ಲಿಮೆಂಟಿನವರೆಗೆ. ಪ್ರವಾಸಿಗಳಿಗೆ ಅಂತಲೇ ಓಡಿಸೋ ಬಸ್ಸುಗಳು ಹತ್ತಾರು ಪೌಂಡ್ ತಗೊಂಡು ತೋರಿಸೋದನ್ನೇ ಇದು ಮಾಮೂಲಿ ಬಸ್ ಚಾರ್ಜಿಗೆ ತೋರಿಸುತ್ತೆ. ಟ್ಯಾಕ್ಸಿಯಲ್ಲಿ ಕೂತವರಿಗೆ ಕಾಣೋದು ಏನು? ಮುಂದಿನ ವ್ಯಾನಿನ ಹಿಂಭಾಗ.

ಬಂದವರೆಲ್ಲ ಬಸವಣ್ಣನವರ ಪ್ರತಿಮೆ ಎಲ್ಲಿದೆ ಅಂತ ಕೇಳೇ ಕೇಳ್ತೀರಿ. ಥೇಮ್ಸ್ ದಂಡೆ ಮೇಲೆ, ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಲ್ಲಿ, 2015ರ ನವೆಂಬರಲ್ಲಿ ಅನಾವರಣ ಆಗಿದ್ದು. ಅಲ್ಲಿಗೂ ಜನ ಟ್ಯಾಕ್ಸಿ ಮಾಡ್ಕೊಂಡು ಹೋಗಿ, ಇಳಿದು, ಫೋಟೋ ತೆಗೆಸ್ಕೊಂಡು, ಮೀಟರು ಓಡ್ತಿದೆ ಅಂತ ಓಡಿ ಬಂದು ಗಾಡಿ ಹತ್ತೋದನ್ನ ನೋಡಿದ್ದೀನಿ. ಕಾಯಕ ಮಾಡೋರನ್ನೆಲ್ಲ ಒಂದೇ ಸಾಲಲ್ಲಿ ಕೂರಿಸಿದ ಮನುಷ್ಯನನ್ನ ನೋಡೋಕೆ ಹೋಗೋಕೂ ನಮಗೆ ಬೇರೆಯವರ ಜೊತೆ ಕೂರೋದು ಬೇಡ. ವಾಕ್ಸ್‌ಹಾಲ್ ನಿಲ್ದಾಣದಲ್ಲಿ ಇಳಿದು ಹೊಳೆ ಪಕ್ಕ ನಡ್ಕೊಂಡು ಹೋಗಿ. ಆಚೆ ದಡದಲ್ಲಿ ಪಾರ್ಲಿಮೆಂಟು ಕಾಣುತ್ತೆ. ಅಲ್ಲಿ ಸ್ವಲ್ಪ ಹೊತ್ತು ಕೂರಿ. ಮೀಟರಿಲ್ಲದ ಜಾಗ ಅದು.

ಭಾಗ 3: ಈಗ ನಿಜವಾದ ವಿಷಯ

ದುಡ್ಡು, ಹೊತ್ತು ಎರಡೂ ನೆಪ ಅಂತ ನನಗೆ ಗೊತ್ತು, ನಿಮಗೂ ಗೊತ್ತು. ನಿಜವಾದ ವಿಷಯ ಮರ್ಯಾದೆ.

ನಮ್ಮ ಕಡೆ ಬಸ್ಸು ಅಂದರೆ ಕಾರಿಲ್ಲದವರದ್ದು. ಒಂದು ಕಾರು ತಗೊಂಡ ಮನೆಯವರು ಬಸ್ ಸ್ಟ್ಯಾಂಡಿನ ಕಡೆ ತಿರುಗಿ ನೋಡೋದಿಲ್ಲ. ಮಗಳು ಲಂಡನ್ನಲ್ಲಿ ನರ್ಸು, ಅವಳ ಮನೆಗೆ ಹೋದವರು ಬಸ್ಸಲ್ಲಿ ತಿರುಗಿದ್ರಂತೆ ಅಂದರೆ ಮದುವೆ ಮನೆಯಲ್ಲಿ ನಾಲ್ಕು ಜನ ನಗ್ತಾರೆ. "ಅಷ್ಟು ದುಡಿತಾಳಂತೆ, ಅಪ್ಪ ಅಮ್ಮನಿಗೆ ಒಂದು ಟ್ಯಾಕ್ಸಿ ಮಾಡಿ ಕೊಡೋಕಾಗ್ಲಿಲ್ವಾ?" ಈ ಮಾತನ್ನ ನನ್ನ ಜೊತೆ ಕೆಲಸ ಮಾಡೋ ಒಬ್ಬಳ ಅಮ್ಮನಿಗೆ ಊರಲ್ಲಿ ಮುಖದ ಮೇಲೇ ಹೇಳಿದ್ದಾರೆ. ಆಯಮ್ಮ ಇಲ್ಲಿ ಮೂರು ವಾರ ಬಸ್ಸಲ್ಲಿ ಓಡಾಡಿ ಖುಷಿಯಾಗಿದ್ದರು. ಒಬ್ಬರೇ ಮಾರ್ಕೆಟ್ಟಿಗೆ ಹೋಗಿ ಬರ್ತಿದ್ದರು. ಊರಿಗೆ ಹೋದ ಮೇಲೆ ಅದೇ ವಿಷಯಕ್ಕೆ ಅತ್ತರು.

ಅದಕ್ಕೆ ಇಲ್ಲಿರೋ ನರ್ಸುಗಳ ಸಂಬಳದ ಲೆಕ್ಕ ಒಮ್ಮೆ ಬಿಡಿಸಿ ಹೇಳಿಬಿಡ್ತೀನಿ. ಇದು ಗುಟ್ಟಲ್ಲ, ಸರ್ಕಾರಿ ಆಸ್ಪತ್ರೆಯ ಸಂಬಳ ಎಲ್ಲರಿಗೂ ಕಾಣೋ ಹಾಗೆ ಪಟ್ಟಿಯಲ್ಲಿದೆ. ಹೊಸದಾಗಿ ಸೇರೋ ನರ್ಸಿಗೆ, ಅಂದರೆ ಬ್ಯಾಂಡ್ 5ರ ಮೊದಲ ಮೆಟ್ಟಿಲಿಗೆ, ಇಂಗ್ಲೆಂಡಲ್ಲಿ 2025ರಲ್ಲಿ 31,049 ಪೌಂಡ್ ಇತ್ತು. ವಾರಕ್ಕೆ 37.5 ಗಂಟೆ ಲೆಕ್ಕ ಹಾಕಿದರೆ ಗಂಟೆಗೆ 16 ಪೌಂಡಿಗೂ ಸ್ವಲ್ಪ ಕಡಿಮೆ. ಲಂಡನ್ನಲ್ಲಿ ಇರೋರಿಗೆ ಅದರ ಮೇಲೆ ಒಂದು ಭತ್ಯೆ ಸಿಗುತ್ತೆ, ಅದು ಮನೆ ಬಾಡಿಗೆಗೇ ಸಾಕಾಗೋದಿಲ್ಲ. ತೆರಿಗೆ, ಪಿಂಚಣಿ ಕತ್ತರಿಸಿದ ಮೇಲೆ ಕೈಗೆ ಬರೋದು ಇನ್ನೂ ಕಡಿಮೆ. ಈಗ ಹೇಳಿ, ವಿಮಾನ ನಿಲ್ದಾಣದಿಂದ 80 ಪೌಂಡಿನ ಟ್ಯಾಕ್ಸಿ ಅಂದರೆ ಅಂಥ ಒಬ್ಬಳು ಎಷ್ಟು ಹೊತ್ತು ನಿಂತು ದುಡಿಯಬೇಕು? ತೆರಿಗೆಗೆ ಮುಂಚಿನ ಲೆಕ್ಕದಲ್ಲೇ ಐದು ಗಂಟೆ. ಐದು ಗಂಟೆ ಅಂದರೆ ಎಷ್ಟು ಜನರಿಗೆ ಮಾತ್ರೆ ಕೊಡೋದು, ಎಷ್ಟು ಜನರ ಮಗ್ಗುಲು ತಿರುಗಿಸೋದು, ಎಷ್ಟು ಸಲ ಬೆಡ್‌ಶೀಟ್ ಬದಲಾಯಿಸೋದು ಅಂತ ಯೋಚನೆ ಮಾಡಿ. ಅದನ್ನ ಒಂದು ಗಂಟೆ ಟ್ರಾಫಿಕ್ಕಲ್ಲಿ ಕೂರೋಕೆ ಕೊಡಬೇಕಾ?

ಕೇಳಿದರೆ ಅವಳು ಇಲ್ಲ ಅನ್ನೋದಿಲ್ಲ. ನೆನಪಿಡಿ, ನಾವ್ಯಾರೂ ಇಲ್ಲ ಅನ್ನೋದಿಲ್ಲ. ಊರಿಂದ ಬಂದವರಿಗೆ ಇಲ್ಲ ಅಂದರೆ ಹೇಗೆ ಅಂತ ಸುಮ್ಮನೆ ಕಾರ್ಡ್ ತೆಗೀತೀವಿ. ಆಮೇಲೆ ಎರಡು ಭಾನುವಾರ ಹೆಚ್ಚಿಗೆ ಡ್ಯೂಟಿ ಬರೆಸ್ಕೋತೀವಿ. ಅದು ನಿಮಗೆ ಕಾಣೋದಿಲ್ಲ, ಅಷ್ಟೇ.

ಇನ್ನು ಇಲ್ಲಿ ಬಸ್ಸು ಯಾರದ್ದು? ಬೆಳಗಿನ ಜಾವ ಐದು ಗಂಟೆಗೆ ಬಸ್ಸು ಹತ್ತಿದರೆ ಅದರಲ್ಲಿ ಆಫೀಸು ಗುಡಿಸಿ ಒರೆಸೋರು, ಅಡುಗೆಯವರು, ಸೆಕ್ಯುರಿಟಿಯವರು, ನೈಟ್ ಡ್ಯೂಟಿಗೆ ಹೋಗಿ ಬರೋ ನನ್ನಂಥವರು. ಎಂಟು ಗಂಟೆಗೆ ಅದೇ ನಂಬರಿನ ಬಸ್ಸಲ್ಲಿ ಸೂಟು ಹಾಕಿದ ವಕೀಲರು, ಬ್ಯಾಂಕಿನವರು, ಶಾಲೆ ಮಕ್ಕಳು. ನನ್ನ ವಾರ್ಡಿನ ದೊಡ್ಡ ಡಾಕ್ಟರು ರೈಲಲ್ಲಿ ಬರ್ತಾರೆ. ನಾನು ಕೂತಿರೋ ಬೋಗಿಯಲ್ಲೇ ನಿಂತ್ಕೊಂಡು ಬಂದಿದ್ದೂ ಇದೆ. ಅವರ ಮರ್ಯಾದೆ ಒಂದು ಗುಂಜಿಯೂ ಕಡಿಮೆಯಾಗಿಲ್ಲ. ಈ ಊರಲ್ಲಿ ಯಾರು ಯಾವುದರಲ್ಲಿ ಬಂದರು ಅಂತ ಯಾರೂ ಕೇಳೋದಿಲ್ಲ, ಹೊತ್ತಿಗೆ ಸರಿಯಾಗಿ ಬಂದ್ರಾ ಅಂತ ಕೇಳ್ತಾರೆ.

ಇನ್ನೊಂದು ವಿಷಯ, ನನಗೆ ತುಂಬಾ ಮುಖ್ಯವಾದದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲ್ಲಿ ಕೆಲಸಕ್ಕೆ ಜನ ಸಾಲದೆ ಹೋದಾಗ ಹೊರಗಿಂದ ಕರೆಸಿದರು. 1956ರಲ್ಲಿ ಲಂಡನ್ ಸಾರಿಗೆಯವರು ಕೆರಿಬಿಯನ್ನಿನ ಬಾರ್ಬಡೋಸ್ ದ್ವೀಪಕ್ಕೇ ಹೋಗಿ ಬಸ್ಸಿಗೆ, ರೈಲಿಗೆ ಆಳು ಆರಿಸ್ಕೊಂಡು ಬಂದರು. ಅದೇ ಕಾಲದಲ್ಲಿ ಅದೇ ದ್ವೀಪಗಳಿಂದ ಹುಡುಗಿಯರು ಆಸ್ಪತ್ರೆಗಳಿಗೆ ನರ್ಸುಗಳಾಗಿ ಬಂದರು. ಅಣ್ಣ ಬಸ್ ಕಂಡಕ್ಟರು, ತಂಗಿ ನರ್ಸು. ಬಾಡಿಗೆಗೆ ಮನೆ ಕೊಡದೆ ಬಾಗಿಲು ಹಾಕಿದ ಊರಲ್ಲಿ ಅವರೇ ಬಸ್ಸು ಓಡಿಸಿದರು, ಅವರೇ ರೋಗಿಗಳನ್ನ ನೋಡ್ಕೊಂಡರು. ನಾವು ಕೇರಳದವರು, ಮಂಗಳೂರಿನವರು, ಮಲೆನಾಡಿನವರು, ಫಿಲಿಪೈನ್ಸಿನವರು ಇವತ್ತು ನಡೀತಿರೋದು ಅವರು ತುಳಿದು ಮಾಡಿದ ದಾರೀಲಿ. ಹಾಗಾಗಿ ಆ ಬಸ್ಸು ನನಗೆ ಕೀಳಲ್ಲ. ನನ್ನ ಕೆಲಸಕ್ಕೂ ಅದಕ್ಕೂ ನೆಂಟಸ್ತಿಕೆ ಇದೆ.

ನಮ್ಮೂರಿನವರಿಗೆ ಇದನ್ನ ಹೇಳಿಕೊಡಬೇಕಾಗಿ ಬಂದಿದ್ದೇ ಬೇಜಾರು. ಕೊಪ್ಪದ ಸಹಕಾರ ಸಾರಿಗೆ ಮರೆತುಹೋಯ್ತಾ? ಕಂಪನಿ ಮುಚ್ಚಿದಾಗ ಡ್ರೈವರು, ಕಂಡಕ್ಟರುಗಳೇ ಸೇರಿ 1991ರಲ್ಲಿ ಕಟ್ಟಿದ ಸಂಸ್ಥೆ ಅದು. ಬೇರೆ ಯಾವ ಬಸ್ಸೂ ಹೋಗದ ಹಳ್ಳಿ ಮೂಲೆಗೆ ಹೋಗ್ತಿತ್ತು. ನಮ್ಮಲ್ಲಿ ಅರ್ಧ ಜನ ಓದಿದ್ದು ಆ ಬಸ್ಸಿನ ಪಾಸಲ್ಲಿ. 2020ರಲ್ಲಿ ನಿಂತುಹೋದಾಗ ಎಲ್ಲರೂ ಫೇಸ್‌ಬುಕ್ಕಲ್ಲಿ ಬರೆದು ಮರುಗಿದಿರಿ. ನಾನೂ ಮರುಗಿದೆ. ನಿಲ್ಲೋಕೆ ಡೀಸೆಲ್ಲು, ಸಾಲ, ನಷ್ಟ ಅಂತ ಕಾರಣ ಹಲವು. ಆದರೆ ಬಸ್ಸು ಉಳಿಯಬೇಕು ಅಂದರೆ ಅದರಲ್ಲಿ ಜನ ಕೂತಿರಬೇಕು ಅನ್ನೋದು ಯಾವ ದೇಶದಲ್ಲೂ ಬದಲಾಗೋದಿಲ್ಲ. ಬಸ್ಸು ನಿಂತಾಗ ಅಳೋರು ಓಡುವಾಗ ಹತ್ತಬೇಕಿತ್ತು.

ಈಗ 2023ರ ಜೂನಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ದೊಡ್ಡಮ್ಮ, ಅತ್ತೆಯರೆಲ್ಲ ಸರ್ಕಾರಿ ಬಸ್ಸಲ್ಲಿ ಧರ್ಮಸ್ಥಳ, ಹೊರನಾಡು ಅಂತ ಗುಂಪು ಕಟ್ಟಿ ಹೋಗಿ ಬರ್ತಾರೆ. ಫೋಟೋ ಹಾಕ್ತಾರೆ, ನೋಡಿ ನನಗೆ ಸಂತೋಷ. ಗಂಡನನ್ನೋ ಮಗನನ್ನೋ ಕಾರು ತೆಗಿ ಅಂತ ಕೇಳೋ ಕೆಲಸ ಇಲ್ಲ. ಆ ಧೈರ್ಯ ವಿಮಾನ ಹತ್ತಿದ ಕೂಡಲೇ ಎಲ್ಲಿಗೆ ಹೋಗುತ್ತೆ? ಹೊರನಾಡಿಗೆ ಬಸ್ಸಲ್ಲಿ ಹೋದ ದೊಡ್ಡಮ್ಮ ಬಕಿಂಗ್‌ಹ್ಯಾಮ್ ಅರಮನೆಗೂ ಬಸ್ಸಲ್ಲಿ ಹೋಗಬಹುದು.

ಭಾಗ 4: ಮಂಡಿ ನೋವು, ಭಯ, ಲಗೇಜು

ಈಗ ನ್ಯಾಯವಾದ ಆಕ್ಷೇಪಣೆಗಳಿಗೆ ಬರ್ತೀನಿ.

"ಅಮ್ಮನಿಗೆ ಮಂಡಿ ನೋವು." ಇದನ್ನ ನಾನು ಹಗುರವಾಗಿ ತಗೊಳ್ಳೋದಿಲ್ಲ, ನನ್ನ ಕೆಲಸವೇ ಅದು. ಟ್ಯೂಬಿನ ಹಳೇ ನಿಲ್ದಾಣಗಳಲ್ಲಿ ಮೆಟ್ಟಿಲು ಬಹಳ. ಮೆಟ್ಟಿಲೇ ಇಲ್ಲದೆ ಹೋಗೋ ಹಾಗೆ ಲಿಫ್ಟ್ ಇರೋದು ಸುಮಾರು ಮೂರರಲ್ಲೊಂದು ನಿಲ್ದಾಣದಲ್ಲಿ ಮಾತ್ರ. ಇದು ಲಂಡನ್ನಿಗೆ ನಾಚಿಕೆ ಆಗಬೇಕಾದ ವಿಷಯ. ಆದರೆ ಅದಕ್ಕೆ ಉತ್ತರ ಟ್ಯಾಕ್ಸಿ ಒಂದೇ ಅಲ್ಲ. ಎಲಿಜಬೆತ್ ಲೈನಿನ 41 ನಿಲ್ದಾಣದಲ್ಲೂ ರಸ್ತೆಯಿಂದ ಪ್ಲಾಟ್‌ಫಾರ್ಮ್‌ವರೆಗೆ ಮೆಟ್ಟಿಲಿಲ್ಲದ ದಾರಿ ಇದೆ. ಜುಬಿಲಿ ಲೈನಲ್ಲಿ ವೆಸ್ಟ್‌ಮಿನ್‌ಸ್ಟರಿಂದ ಸ್ಟ್ರಾಟ್‌ಫರ್ಡ್‌ವರೆಗೆ ಹಾಗೇ ಇದೆ. ಲಂಡನ್ನಿನ ಬಸ್ಸುಗಳೆಲ್ಲ ತಗ್ಗು ನೆಲದವು, ವೀಲ್‌ಚೇರಿಗೆ ಹಲಗೆ ಚಾಚುತ್ತೆ. ನಮ್ಮ ಕೆಎಸ್‌ಆರ್‌ಟಿಸಿ ಬಸ್ಸಿನ ಎತ್ತರದ ಮೆಟ್ಟಿಲು ಹತ್ತೋ ಅಮ್ಮನಿಗೆ ಇದು ಜಗಲಿ ಹತ್ತಿದ ಹಾಗೆ. ವಯಸ್ಸಾದವರಿಗೆ ಮುಂದೆಯೇ ಸೀಟು ಬಿಟ್ಟಿರ್ತಾರೆ. ಕೂತವರು ಏಳದಿದ್ದರೆ "ಪ್ಲೀಸ್" ಅಂತ ಒಂದು ಮಾತು ಹೇಳಿ, ಎದ್ದೇ ಏಳ್ತಾರೆ.

ಬೆಂಗಳೂರಿಂದ ಇಲ್ಲಿಗೆ ಹತ್ತು ಗಂಟೆಗೂ ಮೇಲೆ ಕಾಲು ಇಳಿಬಿಟ್ಟು ಕೂತು ಬಂದಿರ್ತೀರಿ. ಆಮೇಲೂ ಮತ್ತೆ ಕಾರಲ್ಲಿ ಕೂರೋದಕ್ಕಿಂತ ನಿಧಾನಕ್ಕೆ ನಡೆಯೋದು ಕಾಲಿಗೆ ಒಳ್ಳೇದು. ಇದನ್ನ ಊರಿನ ಮಗಳಾಗಿ ಅಲ್ಲ, ನರ್ಸಾಗಿ ಹೇಳ್ತಿದ್ದೀನಿ.

"ರಾತ್ರಿ ಭಯ ಆಗಲ್ವಾ?" ನೈಟ್ ಡ್ಯೂಟಿ ಮಾಡೋಳನ್ನ ಈ ಪ್ರಶ್ನೆ ಕೇಳ್ತೀರಿ! ಎಷ್ಟೋ ಬಸ್ಸುಗಳು 24 ಗಂಟೆ ಓಡುತ್ತವೆ. ಶುಕ್ರವಾರ, ಶನಿವಾರ ರಾತ್ರಿ ಐದು ಲೈನಲ್ಲಿ ಟ್ಯೂಬೂ ಓಡುತ್ತೆ. ಕುಡಿದವರು ಇರ್ತಾರೆ, ಕೆಳಗೆ ಡ್ರೈವರ್ ಹತ್ತಿರ ಕೂರಿ. ಈ ಊರಲ್ಲಿ ನಿಜವಾಗಿ ಹುಷಾರಾಗಿರಬೇಕಾದದ್ದು ರಸ್ತೆ ಬದಿ ನಿಂತು ಫೋನ್ ಹಿಡ್ಕೊಂಡು ಮ್ಯಾಪ್ ನೋಡುವಾಗ. ಬೈಕಲ್ಲಿ ಬಂದು ಕಿತ್ಕೊಂಡು ಹೋಗ್ತಾರೆ. ಗೋಡೆ ಕಡೆ ತಿರುಗಿ ನೋಡಿ, ಜೇಬಿಗೆ ಹಾಕಿ, ಆಮೇಲೆ ನಡೀರಿ. ಇನ್ನೊಂದು: ವಿಮಾನ ನಿಲ್ದಾಣದಲ್ಲಿ ಯಾರಾದರೂ ಹತ್ತಿರ ಬಂದು "ಟ್ಯಾಕ್ಸಿ, ಟ್ಯಾಕ್ಸಿ" ಅಂತ ಕಿವಿಯಲ್ಲಿ ಪಿಸುಗುಟ್ಟಿದರೆ ಅವರ ಹಿಂದೆ ಹೋಗಲೇಬೇಡಿ. ಮೊದಲೇ ಬುಕ್ ಮಾಡದ ಬಾಡಿಗೆ ಕಾರು ಹಾಗೆ ಜನ ಹತ್ತಿಸಿಕೊಳ್ಳೋದು ಇಲ್ಲಿ ಕಾನೂನಿಗೆ ವಿರುದ್ಧ.

"ಮುಷ್ಕರ ಆದರೆ?" ಆಗುತ್ತೆ. 2025ರ ಸೆಪ್ಟೆಂಬರಲ್ಲಿ ಕೆಲವು ದಿನ ಟ್ಯೂಬ್ ನಿಂತಿತ್ತು. ಬಸ್ಸು, ಎಲಿಜಬೆತ್ ಲೈನು ಓಡ್ತಿದ್ದವು, ಕಾಲಿಡೋಕೆ ಜಾಗ ಇರಲಿಲ್ಲ. ಅಂಥ ದಿನ ಹತ್ತಿರದಲ್ಲಿ ನಡೆದು ನೋಡೋ ಜಾಗ ಇಟ್ಟುಕೊಳ್ಳಿ. ಅವತ್ತು ಟ್ಯಾಕ್ಸಿಯೂ ಮುಂದೆ ಹೋಗೋದಿಲ್ಲ, ಯಾಕಂದ್ರೆ ಎಲ್ಲರೂ ರಸ್ತೆಗೇ ಇಳಿದಿರ್ತಾರೆ.

ಹಾಗಾದರೆ ಟ್ಯಾಕ್ಸಿ ಯಾವಾಗ? ನಾಲ್ಕು ಸಲ. ನಡೆಯೋಕೆ ನಿಜವಾಗಿ ಕಷ್ಟ ಇರೋರು ಜೊತೆಗಿದ್ದಾಗ. ಎರಡು ದೊಡ್ಡ ಸೂಟ್‌ಕೇಸು, ಕೈಗೂಸು, ಅದರ ಮೇಲೆ ಮಳೆ ಇದ್ದಾಗ. ಮೈ ಹುಷಾರಿಲ್ಲದಾಗ. ಬಸ್ಸಿಗೆ ಬಹಳ ಹೊತ್ತು ಕಾಯಬೇಕಾದ ಜಾಗದಲ್ಲಿ ನಡುರಾತ್ರಿ ಆದಾಗ. ಆಗ ಯೋಚನೆ ಮಾಡದೆ ಕಪ್ಪು ಟ್ಯಾಕ್ಸಿ ಹತ್ತಿ, ದುಡ್ಡು ಕೊಡಿ. ಆ ಟ್ಯಾಕ್ಸಿಗಳೆಲ್ಲ ವೀಲ್‌ಚೇರು ಒಳಗೆ ಹೋಗೋ ಹಾಗೇ ಮಾಡಿರೋದು. ಆ ಡ್ರೈವರುಗಳ ಬಗ್ಗೆ ನನಗೆ ಬಹಳ ಗೌರವ. ಚೇರಿಂಗ್ ಕ್ರಾಸಿನ ಸುತ್ತ ಆರು ಮೈಲಿಯೊಳಗಿನ ಸುಮಾರು 25,000 ರಸ್ತೆಗಳನ್ನ ಬಾಯಿಪಾಠ ಮಾಡಿ, ವರ್ಷಗಟ್ಟಲೆ ಓದಿ, ಪರೀಕ್ಷೆ ಪಾಸಾಗಿ ಲೈಸೆನ್ಸ್ ತಗೊಂಡಿರ್ತಾರೆ. ನರ್ಸಿಂಗ್ ಓದಿದಷ್ಟೇ ಕಷ್ಟ. ನನ್ನ ಜಗಳ ಅವರ ಮೇಲಲ್ಲ, ಕಾಲು ಗಟ್ಟಿ ಇರೋರು ಬರೀ ಜಂಬಕ್ಕೆ ಹತ್ತೋದರ ಮೇಲೆ.

ಕೊನೆಗೆ, ಹೇಗೆ ಅಂತ ಗೊತ್ತಿಲ್ಲ ಅನ್ನೋ ಹಿಂಜರಿಕೆ. ಇಷ್ಟೇ:

ಬಸ್ಸಲ್ಲಿ ನಗದು ತಗೊಳ್ಳೋದಿಲ್ಲ, 2014ರಿಂದಲೇ ನಿಲ್ಲಿಸಿದ್ದಾರೆ. ಮುಟ್ಟಿಸಿ ಪಾವತಿ ಮಾಡೋ ಬ್ಯಾಂಕ್ ಕಾರ್ಡ್ ಇದ್ದರೆ ಸಾಕು. ವಿದೇಶದ ಬಳಕೆಗೆ ಬ್ಯಾಂಕಿನವರು ಎಷ್ಟು ಹಿಡೀತಾರೆ ಅಂತ ಊರಲ್ಲೇ ಕೇಳ್ಕೊಂಡು ಬನ್ನಿ. ಬೇಡ ಅಂದರೆ ನಿಲ್ದಾಣದಲ್ಲಿ ಆಯ್ಸ್ಟರ್ ಕಾರ್ಡ್ ತಗೊಳ್ಳಿ.

ಒಬ್ಬರಿಗೆ ಒಂದು ಕಾರ್ಡ್. ಗಂಡನ ಕಾರ್ಡಲ್ಲಿ ಹೆಂಡತಿ ಹೋಗೋ ಹಾಗಿಲ್ಲ. ಬೆಳಗ್ಗೆ ಯಾವುದು ಮುಟ್ಟಿಸಿದ್ರೋ ಸಂಜೆವರೆಗೂ ಅದನ್ನೇ ಮುಟ್ಟಿಸಿ. ಫೋನು ಒಮ್ಮೆ, ಕಾರ್ಡು ಒಮ್ಮೆ ಮಾಡಿದರೆ ಯಂತ್ರಕ್ಕೆ ಅವು ಇಬ್ಬರು ಮನುಷ್ಯರು.

ಟ್ಯೂಬಲ್ಲಿ ಹತ್ತುವಾಗಲೂ ಇಳಿದು ಹೊರಗೆ ಬರುವಾಗಲೂ ಮುಟ್ಟಿಸಬೇಕು. ಬಸ್ಸಲ್ಲಿ ಹತ್ತುವಾಗ ಮಾತ್ರ.

11ರಿಂದ 15 ವರ್ಷದ ಮಕ್ಕಳಿದ್ದರೆ ನಿಲ್ದಾಣದ ಸಿಬ್ಬಂದಿಗೆ ಹೇಳಿ ಅವರ ಆಯ್ಸ್ಟರ್ ಕಾರ್ಡಿಗೆ ಪ್ರವಾಸಿ ಮಕ್ಕಳ ರಿಯಾಯಿತಿ ಹಾಕಿಸಿ. 14 ದಿನದವರೆಗೆ ಅರ್ಧ ಚಾರ್ಜು.

ಎಸ್ಕಲೇಟರಲ್ಲಿ ಬಲಗಡೆ ನಿಲ್ಲಿ. ಎಡಗಡೆ ಓಡೋರಿಗೆ ಬಿಡಿ. ಇಲ್ಲಿನವರು ಜೋರಾಗಿ ಬೈಯೋದಿಲ್ಲ, ಆದರೆ ಉಸಿರು ಬಿಡೋದರಲ್ಲೇ ಗೊತ್ತಾಗುತ್ತೆ.

ಇಂಗ್ಲಿಷ್ ಬರದಿದ್ದರೂ ಹೆದರಬೇಡಿ. 1933ರಲ್ಲಿ ಮೊದಲು ಅಚ್ಚಾದ ಹ್ಯಾರಿ ಬೆಕ್ ಅವರ ನಕ್ಷೆಯ ಮಾದರಿಯೇ ಇವತ್ತಿಗೂ ಗೋಡೆ ಮೇಲಿದೆ. ಲೈನಿಗೊಂದು ಬಣ್ಣ. ಸೀರೆ ಅಂಗಡಿಯಲ್ಲಿ ನೂರು ಬಣ್ಣದಲ್ಲಿ ಒಂದನ್ನ ಗುರುತು ಹಿಡಿಯೋ ನಮ್ಮ ಅತ್ತೆಯರಿಗೆ ಹತ್ತು ಹನ್ನೆರಡು ಬಣ್ಣ ಯಾವ ಲೆಕ್ಕ?

ಈಗ ನನ್ನ ತೀರ್ಮಾನ. ದಸರಾಕ್ಕೆ ಬರೋ ಮೂರೂ ಮನೆಯವರಿಗೆ ಹೀಥ್ರೂಗೆ ನಾನೇ ಬಂದು ನಿಲ್ತೀನಿ, ಡ್ಯೂಟಿ ಬದಲಾಯಿಸಿಕೊಂಡಾಗಿದೆ. ಒಂದು ಸೂಟ್‌ಕೇಸು ನಾನು ಎಳೀತೀನಿ. ರೈಲಲ್ಲಿ ಒಟ್ಟಿಗೆ ಮನೆಗೆ ಬರೋಣ. ದಾರೀಲಿ ಊರ ಸುದ್ದಿ ಎಲ್ಲ ಹೇಳಿ ಮುಗಿಸಬಹುದು. ಟ್ಯಾಕ್ಸಿಯೇ ಬೇಕು ಅನ್ನೋರು ಈಗಲೇ ಹೇಳಿಬಿಡಿ, ಅಡ್ರೆಸ್ ಕಳಿಸ್ತೀನಿ, ದುಡ್ಡು ನಿಮ್ಮದೇ ಆಗಿರಲಿ. ಊರಿಗೆ ವಾಪಸ್ ಹೋದ ಮೇಲೆ ಯಾರಾದರೂ "ಬಸ್ಸಲ್ಲಿ ತಿರುಗಿಸಿದ್ಲಂತೆ" ಅಂತ ನಕ್ಕರೆ, ಈ ಪೋಸ್ಟ್ ತೋರಿಸಿ.

ಮುಂದಿನ ಕಾಗದ: ಚಳಿಗೆ ಏನು ತರಬೇಕು, ಸೂಟ್‌ಕೇಸಲ್ಲಿ ಉಪ್ಪಿನಕಾಯಿ ಎಷ್ಟು ತರಬಹುದು. ಅಪ್ಪೆಮಿಡಿ ತರೋರಿಗೆ ಮಾತ್ರ ಕಿಟಕಿ ಪಕ್ಕದ ಸೀಟು.